ಕೂಟದಲ್ಲಿ ಆತ್ಮನ ವರಗಳು: ಪಾಸ್ಟರ್ ಅವರನ್ನು ಕೇಳಿ (ಹಾಸನದ ನಮ್ಮ ಪ್ರಾರ್ಥನಾ ಗುಂಪು)

ಆಲೂರು ಬ್ರದರ್: ಸ್ತೋತ್ರ ಪಾಸ್ಟರ್. ಭಾನುವಾರ ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೆ ಅನ್ಯಭಾಷೆ (ಆತ್ಮನ ವರವಾಗಿ ಬರೋ, ಕೇಳೋರಿಗೆ ಅರ್ಥವಾಗದ ಮಾತು) ಮಾತಾಡ್ತಾರೆ. ಹೊಸಬರು ಹೆದರಿ ಎದ್ದು ಹೋಗ್ತಾರೆ. ಇದು ಸರಿನಾ?

ಪಾಸ್ಟರ್: ಸ್ತೋತ್ರ ಬ್ರದರ್. ಬೈಬಲಿನ 1 ಕೊರಿಂಥ ಪತ್ರಿಕೆ 14:27-28 ನೋಡಿ. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳೋರು ಇರಬೇಕು, ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು. ಹೊಸಬರು ಬಂದು ಇವರಿಗೆ ಹುಚ್ಚು ಅನ್ನಲ್ವಾ ಅಂತ ಪೌಲನೇ 23ನೇ ವಚನದಲ್ಲಿ ಕೇಳಿದ್ದಾನೆ.

ಸಕಲೇಶಪುರ ಸಿಸ್ಟರ್: ಪಾಸ್ಟರ್, ಶುಕ್ರವಾರ ಎಸ್ಟೇಟ್ ಲೈನ್ ಮನೆಯಲ್ಲಿ ಉಪವಾಸ ಕೂಟ ಇತ್ತು. ಅಕ್ಕನ ಮಗಳಿಗೆ 9 ವರ್ಷ, ಫಿಟ್ಸ್ ಬರುತ್ತೆ. ಹೊರಗಿಂದ ಬಂದ ಬ್ರದರ್ ತಲೆ ಮೇಲೆ ಕೈಯಿಟ್ಟು, ಕರ್ತನು ವಾಸಿ ಮಾಡಿದ್ದಾನೆ, ಇನ್ನು ಮಾತ್ರೆ ಕೊಟ್ಟರೆ ಅವಿಶ್ವಾಸ ಅಂತ ಪ್ರವಾದನೆ (ದೇವರೇ ನುಡಿಸಿದ್ದು ಅನ್ನೋ ಮಾತು) ಹೇಳಿದ್ರು. ಅಕ್ಕ ಮಾತ್ರೆ ಶೀಟ್ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಾಳೆ. ಇವತ್ತಿಗೆ ಎರಡು ದಿನ.

ಪಾಸ್ಟರ್: ಸಿಸ್ಟರ್, ಈಗಲೇ ಅಕ್ಕನ ಮನೆಗೆ ಹೋಗಿ. ಮಗುವನ್ನು ನೋಡೋ ಡಾಕ್ಟರಿಗೆ ಫೋನ್ ಮಾಡಿ, ಎರಡು ದಿನ ತಪ್ಪಿದೆ ಅಂತ ಹೇಳಿ, ಅವರು ಹೇಳಿದ ಹಾಗೆ ಶುರು ಮಾಡಿಸಿ. ಫಿಟ್ಸ್ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯ. ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ 108.

ಇನ್ನು ಪ್ರವಾದನೆ. ಒಬ್ಬರು ಹೇಳಿದ ತಕ್ಷಣ ಎಲ್ಲರೂ ಆಮೆನ್ ಅನ್ನಬೇಕು ಅಂತ ವಾಕ್ಯದಲ್ಲಿಲ್ಲ. ಇಬ್ಬರು ಮೂವರು ಹೇಳಲಿ, ಉಳಿದವರು ವಿವೇಚಿಸಲಿ ಅಂತಿದೆ, 1 ಕೊರಿಂಥ 14:29. ಅಲ್ಲಿ ಕೂತವರಲ್ಲಿ ಒಬ್ಬರಾದರೂ ವಿವೇಚಿಸಿದರಾ? ಗುಣಪಡಿಸುವ ವರವನ್ನು ನಾನು ನಂಬುತ್ತೇನೆ, ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡುತ್ತೇನೆ. ಆದರೆ ಕುಷ್ಠ ವಾಸಿಯಾದವನನ್ನು ಯೇಸುವೇ ಯಾಜಕನಿಗೆ ತೋರಿಸಿಕೋ ಅಂತ ಕಳಿಸಿದ, ಮತ್ತಾಯ 8:4. ವಾಸಿಯಾಗಿದೆಯಾ ಅಂತ ಪರೀಕ್ಷಿಸೋದು ಆಗ ಯಾಜಕನ ಕೆಲಸ. ನಿಜವಾಗಿ ವಾಸಿಯಾಗಿದ್ದರೆ ಡಾಕ್ಟರೇ ಪರೀಕ್ಷೆ ಮಾಡಿ ಮಾತ್ರೆ ಇಳಿಸ್ತಾರೆ. ಆ ಬ್ರದರ್ ಬೆಳಿಗ್ಗೆ ಬಸ್ ಹತ್ತಿ ಹೋಗಿರ್ತಾರೆ. ನಡುರಾತ್ರಿ ಮಗುವನ್ನ ಎತ್ತಿಕೊಂಡು ಓಡೋಳು ನಿಮ್ಮಕ್ಕ.

ಅರಸೀಕೆರೆ ಬ್ರದರ್: (ಫಾರ್ವರ್ಡ್) ಪ್ರಾರ್ಥಿಸಿದ ಎಣ್ಣೆ 7 ದಿನ ಹಣೆಗೆ ಹಚ್ಚಿ, ಯಾವ ರೋಗವೂ ನಿಲ್ಲದು, 7 ಜನರಿಗೆ ಕಳಿಸಿ.

ಪಾಸ್ಟರ್: ಅಳಿಸಿ ಬ್ರದರ್. ಇದು ಮೂರನೇ ಸಲ. ಯಾಕೋಬ 5:14ರಲ್ಲಿ ಸಭೆಯ ಹಿರಿಯರನ್ನು ಕರೆಸಿ ಅಂತಿದೆ. ಮಾತ್ರೆ ಬದಲು ಎಣ್ಣೆ ಅಂತ ಎಲ್ಲೂ ಇಲ್ಲ.

ಅರಸೀಕೆರೆ ಬ್ರದರ್: ಆತ್ಮನನ್ನು ನಂದಿಸಬೇಡಿ ಪಾಸ್ಟರ್. 1 ಥೆಸಲೋನಿಕ 5:19.

ಬೇಲೂರು ಸಿಸ್ಟರ್: 21ನ್ನೂ ಓದಿ ಬ್ರದರ್. ಎಲ್ಲವನ್ನೂ ಪರೀಕ್ಷಿಸಿ ಅಂತಿದೆ.

ಅರಸೀಕೆರೆ ಬ್ರದರ್: ಸ್ತ್ರೀಯರು ಸಭೆಯಲ್ಲಿ ಮೌನವಾಗಿರಲಿ ಅಂತಲೂ ಇದೆ. 1 ಕೊರಿಂಥ 14:34.

ಬೇಲೂರು ಸಿಸ್ಟರ್: ಅದೇ ಪತ್ರಿಕೆ 11:5ರಲ್ಲಿ ಪ್ರವಾದಿಸುವ ಸ್ತ್ರೀ ತಲೆ ಮುಚ್ಚಿಕೊಂಡಿರಬೇಕು ಅನ್ನೋ ಮಾತಿದೆಯಲ್ಲ? ಅಪೊಸ್ತಲರ ಕೃತ್ಯಗಳು 21:9ರಲ್ಲಿ ಬರೋ ಫಿಲಿಪ್ಪನ ನಾಲ್ಕು ಹೆಣ್ಣುಮಕ್ಕಳು ಮೌನವಾಗಿ ಪ್ರವಾದಿಸಿದ್ರಾ?

ಅರಸೀಕೆರೆ ಬ್ರದರ್: ನಿಮ್ಮಿಂದ ವಾಕ್ಯ ಕಲಿಯೋ ಗತಿ ನನಗೆ ಬಂದಿಲ್ಲ.

ಹೊಳೆನರಸೀಪುರ ಬ್ರದರ್: ಆರಾಧನೆಯಲ್ಲಿ ಡ್ರಮ್ಸ್ ಸೌಂಡ್ ಎಷ್ಟಿರಬೇಕು ಪಾಸ್ಟರ್?

ಚನ್ನರಾಯಪಟ್ಟಣ ಸಿಸ್ಟರ್: ಅರ್ಥ ಹೇಳೋರು ಯಾರೂ ಇಲ್ಲದಿದ್ದರೆ?

ಪಾಸ್ಟರ್: ಮೇಲೆ ಹೇಳಿದ್ದೀನಿ.

ಆಲೂರು ಬ್ರದರ್: ಆತ್ಮ ಬಂದಾಗ ತಡೆಯೋಕೇ ಆಗಲ್ಲ ಅಂತಾರೆ ಪಾಸ್ಟರ್.

ಪಾಸ್ಟರ್: ಆಗುತ್ತೆ. ಪ್ರವಾದಿಗಳ ಆತ್ಮಗಳು ಪ್ರವಾದಿಗಳಿಗೆ ಅಧೀನ ಅಂತಿದೆ, 1 ಕೊರಿಂಥ 14:32. ಅರಸೀಕೆರೆ ಬ್ರದರ್, ಸಿಸ್ಟರ್ ಹತ್ತಿರ ಕ್ಷಮೆ ಕೇಳಿ. ಸಕಲೇಶಪುರ ಸಿಸ್ಟರ್, ಹೋದ್ರಾ?

ಸಕಲೇಶಪುರ ಸಿಸ್ಟರ್: ಅಕ್ಕನ ಮನೆಯಲ್ಲೇ ಇದ್ದೀನಿ. ಡಾಕ್ಟರ್ ಸಿಕ್ಕಿದ್ರು, ಇವತ್ತೇ ಶುರು ಮಾಡಿ, ನಾಳೆ ಕರ್ಕೊಂಡು ಬನ್ನಿ ಅಂದ್ರು. ಮಗು ಊಟ ಮಾಡ್ತಿದೆ, ಆಮೇಲೆ ಮಾತ್ರೆ. ಅಕ್ಕ ಅಳ್ತಿದ್ದಾಳೆ, ದೇವರಿಗೆ ಕೋಪ ಬರಲ್ವಾ ಅಂತಾಳೆ.

ಪಾಸ್ಟರ್: ಬರಲ್ಲ. ಫೋನ್ ಅಕ್ಕನ ಕೈಗೆ ಕೊಡಿ, ಕರೆ ಮಾಡ್ತಿದ್ದೀನಿ.