ಸುದ್ದಿ ತಾಣದಲ್ಲಿ ಒತ್ತಕ್ಷರ ಕತ್ತರಿಸಿಹೋಗ್ತಿದೆ, ನನ್ನ ಸ್ಕ್ರಿಪ್ಟ್ ಮೊದಲ ಹತ್ತು ಶೀರ್ಷಿಕೆಗೆ ಮಾತ್ರ ಹತ್ತುತ್ತೆ

ಕಹಳೆಬಂಡೆ

ಎಲ್ಲರಿಗೂ ನಮಸ್ಕಾರ. ನಾನು ಕೋಡಿಂಗ್ ಓದಿದವಳಲ್ಲ. ಗಾಂಧಿ ಬಜಾರ್ ಹತ್ತಿರ ಒಂದು ಆಡಿಟರ್ ಆಫೀಸಲ್ಲಿ ಟ್ಯಾಲಿ ನೋಡಿಕೊಳ್ತೀನಿ. ಅಪ್ಪ 31 ವರ್ಷ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಪೇಪರಿನ ಅಕ್ಷರ ಸಣ್ಣದು ಅಂತ, ಕಣ್ಣಿನ ಪೊರೆ ಆಪರೇಷನ್ ಆದಮೇಲೆ ನನ್ನ ಹಳೇ ಲ್ಯಾಪ್‌ಟಾಪಲ್ಲೇ ಸುದ್ದಿ ಓದ್ತಾರೆ. ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಕೂತರೆ ಒಂಬತ್ತರವರೆಗೂ ಏಳೋದಿಲ್ಲ.

ಅವರು ದಿನಾ ನೋಡೋ ತಾಣದಲ್ಲಿ ಶೀರ್ಷಿಕೆಯ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟು, ಗುಡಿಸಿನ ಮೇಲೆ ಬಂದು ಕೂರುತ್ತೆ. ಕೊನೇ ಸಾಲಿನ ಒತ್ತಂತೂ ಕತ್ತರಿಸಿಯೇ ಹೋಗಿರುತ್ತೆ. ಮೊನ್ನೆ 'ಹಳ್ಳಿ' ಅನ್ನೋದು 'ಹಳಿ' ಅಂತ ಕಂಡಿದೆ. ರೈಲಿನ ಸುದ್ದಿ ಇರಬೇಕು ಅಂತ ತೆರೆದರೆ ಕುಡಿಯೋ ನೀರಿನ ಸುದ್ದಿ. ಇನ್ನೊಂದು ದಿನ 'ಮಗ್ಗ' 'ಮಗ' ಆಗಿತ್ತು. ಮಕ್ಕಳ ಒತ್ತಕ್ಷರ ತಿದ್ದಿ ತಿದ್ದಿ ಜೀವನ ಸವೆಸಿದವರು ಅಪ್ಪ. ತಮ್ಮ ಕಣ್ಣೇ ಮತ್ತೆ ಕೆಟ್ಟಿತು ಅಂದುಕೊಂಡು ಎರಡು ದಿನ ಯಾರಿಗೂ ಹೇಳದೆ ಕೂತಿದ್ರು. ಗೊತ್ತಾದಾಗ ಕರುಳು ಕಿವುಚಿದಂಗಾಯ್ತು.

ಝೂಮ್ 150 ಮಾಡಿದೆ. ಅಕ್ಷರ ದೊಡ್ಡದಾಯ್ತು, ಒತ್ತು ಮಾತ್ರ ಅಷ್ಟೇ ಕತ್ತರಿಸಿತ್ತು. ಆಮೇಲೆ ಟ್ಯಾಂಪರ್‌ಮಂಕಿ (ನಾವು ಬರೆದ ಸ್ಕ್ರಿಪ್ಟನ್ನ ತಾಣದ ಪುಟದಲ್ಲಿ ಓಡಿಸೋ ಬ್ರೌಸರ್ ಎಕ್ಸ್‌ಟೆನ್ಷನ್) ಹಾಕಿ, ಎರಡು ಭಾನುವಾರ ಕೂತು, ಪುಟದಲ್ಲಿರೋ ಎಚ್3 (ಶೀರ್ಷಿಕೆಯ ಟ್ಯಾಗ್) ಎಲ್ಲಾ ಹುಡುಕಿ ಒಂದೊಂದಕ್ಕೂ ಲೈನ್-ಹೈಟ್ (ಸಾಲಿನ ಎತ್ತರ) 1.8 ಕೊಡೋ ಸ್ಕ್ರಿಪ್ಟ್ ಬರೆದೆ. ಮೊದಲ ಹತ್ತು ಶೀರ್ಷಿಕೆ ಸರಿಹೋದ್ವು. ಸ್ಕ್ರಾಲ್ ಮಾಡಿದಾಗ ಹೊಸದಾಗಿ ಬರೋದಕ್ಕೆಲ್ಲ ಹಳೇ ರೋಗವೇ. ಸರಿಹೋದ ಕೆಲವದರಲ್ಲೂ ಎರಡನೇ ಸಾಲು ಅರ್ಧ ಕಾಣಲ್ಲ. ಸೆಕೆಂಡಿಗೊಂದು ಸಲ ಓಡೋ ಹಾಗೆ ಮಾಡಿದೆ, ಓದ್ತಿದ್ದಂಗೇ ಸಾಲುಗಳು ಜಿಗಿದು ಅಪ್ಪನಿಗೆ ಎಲ್ಲಿದ್ದೆ ಅಂತ ತಪ್ಪಿಹೋಗುತ್ತೆ. ದಾರಿ ತೋರಿಸ್ತೀರಾ?

ಸಂಪಿಗೆರಸ್ತೆ

ಮೇಡಂ, ಎರಡು ಭಾನುವಾರದಲ್ಲಿ ಇಲ್ಲಿವರೆಗೆ ಬಂದಿದ್ದೀರಲ್ಲ, ಇನ್ನು ಸ್ವಲ್ಪವೇ ಉಳಿದಿರೋದು.

ನಿಮ್ಮ ಸ್ಕ್ರಿಪ್ಟ್ ಓಡೋ ಹೊತ್ತಿಗೆ ಪುಟದಲ್ಲಿ ಯಾವ ಶೀರ್ಷಿಕೆಗಳಿದ್ವೋ ಅವಕ್ಕೆ ಮಾತ್ರ ಬಣ್ಣ ಬಳಿದಂಗಾಗಿದೆ. ಸ್ಕ್ರಾಲ್ ಮಾಡಿದಾಗ ತಾಣ ಹೊಸ ತುಂಡುಗಳನ್ನ ತಂದು ಸೇರಿಸುತ್ತೆ, ಅವುಗಳ ಸುದ್ದಿ ನಿಮ್ಮ ಸ್ಕ್ರಿಪ್ಟಿಗೆ ಗೊತ್ತೇ ಇಲ್ಲ. ಇದಕ್ಕೆ ಮ್ಯುಟೇಶನ್ ಅಬ್ಸರ್ವರ್ ಇಡಿ ಅಂತ ಬಹಳ ಜನ ಹೇಳ್ತಾರೆ. ಪುಟಕ್ಕೆ ಏನಾದ್ರೂ ಸೇರಿದ ಕೂಡಲೇ ಅದು ನಿಮ್ಮ ಕೋಡನ್ನ ಎಬ್ಬಿಸುತ್ತೆ. ಒಳ್ಳೇ ಸಾಧನವೇ, ಆದ್ರೆ ನಿಮ್ಮ ಕೆಲಸಕ್ಕೆ ಅಷ್ಟು ಬೇಡ. ಒಂದೊಂದೇ ಶೀರ್ಷಿಕೆ ಹಿಡಿಯೋದು ಬಿಟ್ಟು ಸಿಎಸ್ಎಸ್ ನಿಯಮವನ್ನೇ (ಪುಟ ಹೇಗೆ ಕಾಣಬೇಕು ಅಂತ ಬ್ರೌಸರಿಗೆ ಹೇಳೋ ಸಾಲು) ಪುಟಕ್ಕೆ ಸೇರಿಸಿ. ನಿಯಮ ಒಂದ್ಸಲ ಕೂತರೆ ಇವತ್ತಿರೋ ಎಚ್3ಗೂ ಆಮೇಲೆ ಬರೋ ಎಚ್3ಗೂ ಬ್ರೌಸರ್ ತಾನೇ ಹಾಕುತ್ತೆ. ಸ್ಕ್ರಿಪ್ಟಿನ ತಲೆಯಲ್ಲಿರೋ ಗ್ರಾಂಟ್ ಸಾಲಿನಲ್ಲಿ ಜಿಎಂ-ಆಡ್‌ಸ್ಟೈಲ್ (ಪುಟಕ್ಕೆ ಸಿಎಸ್ಎಸ್ ಸೇರಿಸೋ ಸಾಧನ) ಹೆಸರು ಬರೆದು, ಅದಕ್ಕೆ ನಿಯಮ ಕೊಟ್ಟರೆ ಸಾಕು. ಸ್ಕ್ರಿಪ್ಟ್ ಯಾವಾಗ ಓಡಬೇಕು ಅಂತ ಹೇಳೋ ರನ್-ಅಟ್ ಸಾಲಿಗೆ ಡಾಕ್ಯುಮೆಂಟ್-ಸ್ಟಾರ್ಟ್ ಅಂತ ಕೊಡಿ. ಅಕ್ಷರ ಮೂಡೋ ಮೊದಲೇ ನಿಯಮ ಇರುತ್ತೆ, ಸಾಲು ಜಿಗಿಯಲ್ಲ.

ಎರಡನೇ ಸಾಲು ಅರ್ಧ ಹೋಗೋದು ಬೇರೆ ಕಾರಣಕ್ಕೆ. ಶೀರ್ಷಿಕೆಯ ಡಬ್ಬಿಗೆ ಇಂತಿಷ್ಟೇ ಎತ್ತರ ಅಂತ ಅವರು ಕಟ್ಟಿಹಾಕಿ, ಮಿಕ್ಕಿದ್ದು ಮರೆಯಾಗಲಿ ಅಂತ ಓವರ್‌ಫ್ಲೋ ಹಿಡನ್ ಕೊಟ್ಟಿರ್ತಾರೆ. ನೀವು ಸಾಲಿನ ಎತ್ತರ ಏರಿಸಿದ್ರಿ, ಡಬ್ಬಿ ಅಷ್ಟೇ ಉಳೀತು. ಹೈಟ್ ಆಟೋ ಮಾಡಿ, ಮ್ಯಾಕ್ಸ್-ಹೈಟ್ ತೆಗೀರಿ, ಲೈನ್-ಕ್ಲ್ಯಾಂಪ್ (ಇಷ್ಟೇ ಸಾಲು ಕಾಣಲಿ ಅನ್ನೋ ಮಿತಿ) ಇದ್ದರೆ ಅದನ್ನೂ ಬಿಚ್ಚಿ. ನಿಯಮದ ಪ್ರತಿ ಸಾಲಿನ ಕೊನೆಗೂ !important ಅಂತ ಸೇರಿಸೋದು ಮರೀಬೇಡಿ, ಇಲ್ಲಾಂದ್ರೆ ತಾಣದ ನಿಯಮವೇ ಗೆಲ್ಲಬಹುದು.

ಬೆರಳಚ್ಚು

ಇಪ್ಪತ್ತು ವರ್ಷ ಚಾಮರಾಜಪೇಟೆಯಲ್ಲಿ ಡಿಟಿಪಿ ಮಾಡಿದವನು ನಾನು. ನಿಮ್ಮ ತಂದೆಯವರ ಸಂಕಟ ಓದಿ ಸುಮ್ಮನೆ ಹೋಗಲಾಗಲಿಲ್ಲ. ಇಂಗ್ಲಿಷಿನಲ್ಲಿ ಗೆರೆಯಿಂದ ಕೆಳಗಿಳಿಯೋದು ಜಿ, ವೈ ಥರದ ನಾಲ್ಕಾರು ಅಕ್ಷರದ ಬಾಲ ಮಾತ್ರ. ನಮ್ಮಲ್ಲಿ ಇಡೀ ಅಕ್ಷರವೇ ಕೆಳಗೆ ಹೋಗಿ ಕೂರುತ್ತೆ. ಇಂಗ್ಲಿಷಿಗೆ ಹೊಲಿದ 1.2 ಲೈನ್-ಹೈಟಿನ ಅಂಗಿಯನ್ನ ಕನ್ನಡಕ್ಕೆ ತೊಡಿಸಿದರೆ ಹರಿಯದೆ ಇನ್ನೇನಾಗುತ್ತೆ? 'ರಾಷ್ಟ್ರ', 'ಶಾಸ್ತ್ರ', 'ಸ್ತ್ರೀ' ಈ ಮೂರು ಪದ ಇರೋ ಶೀರ್ಷಿಕೆ ಹುಡುಕಿ ಪರೀಕ್ಷೆ ಮಾಡಿ. ಎರಡೆರಡು ಒತ್ತು ಸರಿಯಾಗಿ ಕಂಡರೆ ಉಳಿದದ್ದರ ಚಿಂತೆ ಬೇಡ. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಮೈನಸ್‌ನಲ್ಲಿದ್ದರೆ ಅದನ್ನೂ ನಾರ್ಮಲ್ ಮಾಡಿ, ಇಲ್ಲಾಂದ್ರೆ ಪಕ್ಕಪಕ್ಕದ ಒತ್ತುಗಳು ಡಿಕ್ಕಿ ಹೊಡೀತವೆ. ಅಚ್ಚಿನ ಪುಸ್ತಕದ ಮುಖ ಬೇಕಂದ್ರೆ ನೋಟೋ ಸೆರಿಫ್ ಕನ್ನಡ ಫಾಂಟನ್ನ ಲ್ಯಾಪ್‌ಟಾಪಿಗೇ ಇನ್‌ಸ್ಟಾಲ್ ಮಾಡಿ, ನಿಯಮದಲ್ಲಿ ಹೆಸರು ಹೇಳಿದರೆ ಸಾಕು.

ಕೆಂಗೇರಿಪಾಸ್

ಒಂದೇ ಮಾತು. ಅಪ್ಪನವರು ಪಿಂಚಣಿ, ಬ್ಯಾಂಕು ನೋಡೋದೂ ಅದೇ ಲ್ಯಾಪ್‌ಟಾಪಲ್ಲಾದ್ರೆ, ಸ್ಕ್ರಿಪ್ಟ್ ಯಾವ ತಾಣದಲ್ಲಿ ಓಡಬೇಕು ಅಂತ ಹೇಳೋ ಮ್ಯಾಚ್ ಸಾಲಿನಲ್ಲಿ ಆ ಸುದ್ದಿ ತಾಣದ ವಿಳಾಸ ಬಿಟ್ಟು ಬೇರೇನೂ ಇರಬಾರದು. ಎಲ್ಲಾ ತಾಣಕ್ಕೂ ಓಡೋ ಸ್ಕ್ರಿಪ್ಟನ್ನ ಯಾರೋ ಬರೆದದ್ದು ಅಂತ ತಂದು ಹಾಕಬೇಡಿ, ಬ್ಯಾಂಕಿನ ಪುಟವನ್ನೂ ಅದು ಓದಬಲ್ಲದು. ಕ್ರೋಮ್ 138ರಿಂದ ಈಚೆಗೆ ಎಕ್ಸ್‌ಟೆನ್ಷನ್ನಿನ ವಿವರ ಪುಟದಲ್ಲಿ 'ಅಲೋ ಯೂಸರ್ ಸ್ಕ್ರಿಪ್ಟ್ಸ್' ಅನ್ನೋ ಗುಂಡಿ ಒತ್ತಿರಬೇಕು. ಒಂದಿನ ಇದ್ದಕ್ಕಿದ್ದಂಗೆ ನಿಂತುಹೋದರೆ ಮೊದಲು ಅದನ್ನ ನೋಡಿ.

ಕಹಳೆಬಂಡೆ

ನಿನ್ನೆ ರಾತ್ರಿ ಊಟ ಆದಮೇಲೆ ಕೂತು ಮುಗಿಸಿದೆ. ಮೊದಲು 41 ಸಾಲಿತ್ತು, ಈಗ 14. ಕೊನೇ ಶೀರ್ಷಿಕೆವರೆಗೂ ಸ್ಕ್ರಾಲ್ ಮಾಡಿ ನೋಡಿದೆ, ಒಂದು ಒತ್ತೂ ಕತ್ತರಿಸಿಲ್ಲ. ಬೆಳಗ್ಗೆ ಅಪ್ಪ ಅಡುಗೆಮನೆಗೆ ಕೇಳೋ ಹಾಗೆ ಗಟ್ಟಿಯಾಗಿ ಶೀರ್ಷಿಕೆ ಓದ್ತಿದ್ರು, ಕ್ಲಾಸಲ್ಲಿ ಓದ್ತಿದ್ದ ಹಾಗೇ. ಅಮ್ಮ ಒಲೆ ಸಣ್ಣ ಮಾಡಿ ಬಂದು ನಿಂತು ಕೇಳಿದ್ರು. ನಿಮ್ಮ ಮೂವರಿಗೂ ನಮ್ಮನೆಯವರೆಲ್ಲರ ನಮಸ್ಕಾರ.

ಅಪ್ಪ ಇನ್ನೊಂದು ತಾಣದ ಹೆಸರು ಹೇಳಿದ್ದಾರೆ. ಅಲ್ಲಿ ಶೀರ್ಷಿಕೆ ಎಚ್3 ಅಲ್ಲ, ಬರೀ ಡಿವ್ (ಯಾವುದಕ್ಕೂ ಬಳಸೋ ಸಾಮಾನ್ಯ ಡಬ್ಬಿ). ಅದಕ್ಕೆ ಕೊಟ್ಟಿರೋ ಕ್ಲಾಸ್ ಹೆಸರು ಅರ್ಥವಿಲ್ಲದ ಅಕ್ಷರ, ವಾರಕ್ಕೊಂದು ಸಲ ಬದಲಾಗುತ್ತೆ. ಏನನ್ನ ಹಿಡೀಲಿ?

ಸಂಪಿಗೆರಸ್ತೆ

ಕ್ಲಾಸ್ ನಂಬಬೇಡಿ. ಶೀರ್ಷಿಕೆ ಒತ್ತಿದರೆ ಸುದ್ದಿ ತೆರೆಯುತ್ತಲ್ಲ, ಆ ಲಿಂಕಿನ ವಿಳಾಸದಲ್ಲಿ ಎಲ್ಲದಕ್ಕೂ ಸಮಾನವಾದ ಒಂದು ತುಂಡು ಇರುತ್ತೆ. ಆ ತುಂಡಿರೋ ಲಿಂಕು, ಅದರೊಳಗಿನ ಡಿವ್ ಅಂತ ನಿಯಮ ಬರೀರಿ. ಸಿಗದಿದ್ದರೆ ನಾಲ್ಕೈದು ಲಿಂಕು ಇಲ್ಲಿ ಹಾಕಿ, ರಾತ್ರಿ ನೋಡ್ತೀನಿ.