ಸಹಾಯ ಬೇಕು: ಮಾತು ಬಾರದ ಮಗಳಿಗೆ ಕನ್ನಡದ ಚಿತ್ರಫಲಕ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಮೂರೂವರೆ ವರ್ಷ. ಅವಳಿಗೆ ಏಂಜಲ್‌ಮನ್ ಸಿಂಡ್ರೋಮ್ ಎಂಬ, ಬೆಳವಣಿಗೆ ನಿಧಾನವಾಗುವ ಅಪರೂಪದ ತೊಂದರೆ ಇರುವುದು ಜೆನೆಟಿಕ್ ಪರೀಕ್ಷೆಯಲ್ಲಿ ತಿಳಿಯಿತು. 15ನೇ ಕ್ರೋಮೋಸೋಮಿನಲ್ಲಿ ತಾಯಿಯಿಂದ ಬರುವ ಯುಬಿಇ3ಎ ಜೀನ್ ಕೆಲಸ ಮಾಡದಿದ್ದರೆ ಹೀಗಾಗುತ್ತದೆ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾತು ಬರುವುದಿಲ್ಲ, ಬಂದರೂ ನಾಲ್ಕಾರು ಪದ. ಅರ್ಥವಾಗುವುದು ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು.

ನೀರೆಂದರೆ ಅವಳಿಗೆ ಪ್ರಾಣ. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದಾದರೆ ಸಾಕು, ನನ್ನ ಹೆಬ್ಬೆರಳು ಹಿಡಿದು ಅತ್ತ ಎಳೆಯುತ್ತಾಳೆ, ನನ್ನ ಮುಖ ನೋಡಿ ನಗುತ್ತಾಳೆ. ಇದು ಮಾತಲ್ಲದೆ ಮತ್ತೇನು?

ಅದಕ್ಕೇ ಅವಳಿಗೊಂದು ಚಿತ್ರಫಲಕ ಮಾಡಬೇಕೆಂದಿದ್ದೇನೆ, ಬೇಕಾದ್ದರ ಚಿತ್ರ ಮುಟ್ಟಿ ಅವಳು ಹೇಳುವಂತೆ. ಚಿತ್ರ ತೋರಿಸಿದರೆ ಮಗು ಮಾತೇ ಕಲಿಯುವುದಿಲ್ಲ ಎಂದು ಮನೆಯ ಹಿರಿಯರು ಹೆದರುತ್ತಾರೆ. ಚಿತ್ರಗಳಿಂದ ಮಾತಿಗೆ ಅಡ್ಡಿಯಿಲ್ಲ ಎಂದು ನಮ್ಮ ಥೆರಪಿಸ್ಟ್ ಧೈರ್ಯ ಹೇಳಿದ್ದಾರೆ. ತೊಂದರೆಯೆಂದರೆ, ನನಗೆ ಸಿಕ್ಕ ಕಾರ್ಡುಗಳಲ್ಲಿ ಬರ್ಗರ್ ಇದೆ, ಮುದ್ದೆ ಇಲ್ಲ. ಅಜ್ಜಿಯ ಚಿತ್ರಕ್ಕೆ ಸೀರೆಯಿಲ್ಲ.

ಕನ್ನಡದಲ್ಲಿ ಚಿತ್ರಫಲಕ ಮಾಡಿಕೊಂಡವರು ದಯವಿಟ್ಟು ಹಂಚಿಕೊಳ್ಳಿ. ಅವಳ ಕೈ ನಡುಗುತ್ತದೆ. ಒಂದು ಪುಟಕ್ಕೆ ಎಷ್ಟು ಚಿತ್ರವಿದ್ದರೆ ಸರಿ? ‘ಬೇಕು’, ‘ಸಾಕು’, ‘ಇನ್ನೂ’ ಎಂಬ ಪದಗಳಿಗೆ ಯಾವ ಚಿತ್ರ ಬಳಸಿದಿರಿ? ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಇಷ್ಟು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದವರಿದ್ದರೆ ನಿಮ್ಮ ಅನುಭವವನ್ನೂ ತಿಳಿಸಿ.