ಕತ್ತೆ ಮೆರವಣಿಗೆಗೆ ಈಗಲೂ ಬೆಲೆ ಇದೆಯೇ?

ಪ್ರಶ್ನೆ (ಕೋಲಾರ): ಚುನಾವಣೆ ಮುಗಿದ ಮೇಲೆ ನಮ್ಮೂರಿನತ್ತ ತಲೆ ಹಾಕದ ಜನಪ್ರತಿನಿಧಿಯ ಅಣಕು ಶವಯಾತ್ರೆ ನಡೆಸಿ, ಕತ್ತೆಯ ಕೊರಳಿಗೆ ಅವರ ಹೆಸರಿನ ಫಲಕ ಕಟ್ಟಿ ಮೆರವಣಿಗೆ ಮಾಡಬೇಕೆಂದು ಹಿರಿಯರು ಹೇಳುತ್ತಿದ್ದಾರೆ. ಇಂಥ ಅವಮಾನಕ್ಕೆ ಇಂದಿನವರು ಅಂಜುತ್ತಾರೆಯೇ?

ಉತ್ತರ (ಚಿಕ್ಕಬಳ್ಳಾಪುರ): ಅಂಜುವುದು ಅಣಕಕ್ಕಲ್ಲ, ಸೇರುವ ಜನಕ್ಕೆ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ನಮ್ಮ ಭಾಗದ ರೈತರು ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿಗೆ ಹೊರಟಾಗ ರಾಜಧಾನಿಯೇ ತಿರುಗಿ ನೋಡಿತು, 2018ರಲ್ಲಿ ಕೆ.ಸಿ. ವ್ಯಾಲಿಯ, ಅಂದರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಎರಡು ಹಂತ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬಂದಾಗಲೂ, ಅದನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಿ ಎಂದು ಮತ್ತೆ ಬೀದಿಗಿಳಿಯಬೇಕಾಯಿತು.

ಉತ್ತರ (ತುಮಕೂರು): ಪಾಪ, ಕತ್ತೆ ಮಾಡಿದ ತಪ್ಪೇನು? ಹೆಂಗಸರು ತಾಲ್ಲೂಕು ಕಚೇರಿಯ ಬಾಗಿಲಿಗೆ ಖಾಲಿ ಕೊಡಗಳನ್ನು ಸಾಲಾಗಿ ಇಟ್ಟು ಕೂತರೆ ಅದಕ್ಕಿಂತ ಹರಿತವಾಗಿ ತಾಗುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ಸೋಮವಾರ ಕೊಡಗಳೇ ಹೊರಡಲಿ.